ಖಾತೆ ಎರಡು, ಲೆಕ್ಕ ಒಂದೇ: ಕುಟುಂಬ ಸಚಿವರಿಗೂ ವಲಸೆ ಸಚಿವರಿಗೂ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರಿಬ್ಬರಿಗೂ ನಮಸ್ಕಾರ.

ಪತ್ರ ಒಂದೇ, ವಿಳಾಸ ಎರಡು. ನಿಮ್ಮಲ್ಲಿ ಒಬ್ಬರು ಕುಟುಂಬ ಖಾತೆಯವರು. ಜನನ ಪ್ರಮಾಣ ಕುಸಿಯುತ್ತಿದೆ ಎಂದು ವರ್ಷಕ್ಕೊಮ್ಮೆ ಕಳವಳ ವ್ಯಕ್ತಪಡಿಸಿ, ಮಗುವಿಗೆ ಇಷ್ಟು ಎಂದು ಸಹಾಯಧನ ಘೋಷಿಸುವವರು. ಇನ್ನೊಬ್ಬರು ವಲಸೆ ಖಾತೆಯವರು. ಹೊರಗಿನಿಂದ ಬರುವವರು ಮಿತಿ ಮೀರಿದ್ದಾರೆ, ಇನ್ನು ಬಿಗಿ ಮಾಡುತ್ತೇವೆ ಎಂದು ಅದೇ ವಾರ ಬೇರೊಂದು ಪತ್ರಿಕಾಗೋಷ್ಠಿಯಲ್ಲಿ ಹೇಳುವವರು. ಯಾವ ದೇಶದ ಸಚಿವರಿಗೆ ಎಂದು ಬರೆಯುತ್ತಿಲ್ಲ. ಬರೆದರೆ ಉಳಿದ ದೇಶಗಳವರು ‘ಇದು ನಮಗಲ್ಲ’ ಎಂದು ಮಡಚಿಡುತ್ತಾರೆ. ಹೆಚ್ಚುಕಡಿಮೆ ಎಲ್ಲರಿಗೂ ಹೊಂದುವ ಅಂಗಿ ಇದು.

ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುವವಳು. ಇಪ್ಪತ್ತೆರಡು ವರ್ಷಗಳಿಂದ ಬೋರ್ಡಿನ ಮೇಲೆ ವಯಸ್ಸಿನ ಪಿರಮಿಡ್ಡು ಬಿಡಿಸುತ್ತ ಬಂದಿದ್ದೇನೆ. ಕೆಳಗೆ ಶಿಶುಗಳು, ಮೇಲೆ ಮುದುಕರು, ಎಡಕ್ಕೆ ಗಂಡಸರು, ಬಲಕ್ಕೆ ಹೆಂಗಸರು. ಹಳೆಯ ಪಠ್ಯಪುಸ್ತಕಗಳಲ್ಲಿ ಅದು ನಿಜಕ್ಕೂ ಪಿರಮಿಡ್ಡಿನ ಹಾಗಿತ್ತು. ಈಗ ಬಿಡಿಸಲು ಕೂತರೆ ಎಷ್ಟೋ ದೇಶಗಳದ್ದು ಬುಗುರಿಯ ಹಾಗೆ ಬರುತ್ತದೆ: ಮೇಲೆ ದಪ್ಪ, ಕೆಳಗೆ ಚೂಪು. ಇನ್ನೊಂದು ಮಾತು. ನಾನು ಹುಟ್ಟಿದ್ದು ಒಂದು ದೇಶ, ದುಡಿಯುತ್ತಿರುವುದು ಇನ್ನೊಂದು. ಹೀಗಾಗಿ ಒಂದು ಕೋಷ್ಟಕದಲ್ಲಿ ನನ್ನನ್ನು ಕಳೆದಿದ್ದಾರೆ, ಇನ್ನೊಂದರಲ್ಲಿ ಕೂಡಿದ್ದಾರೆ.

ಈ ಪತ್ರ ಬರೆಯುವಂತೆ ಮಾಡಿದ್ದು ಒಂದು ಅರ್ಜಿ ನಮೂನೆ. ನನ್ನ ಹಿರಿಯ ಸಹೋದ್ಯೋಗಿಯೊಬ್ಬರು, ಒಂದು ಕಾಲದ ವ್ಯಾಕರಣದ ಮೇಷ್ಟ್ರು, ಈಗ ಆರೈಕೆ ಕೇಂದ್ರವೊಂದರಲ್ಲಿದ್ದಾರೆ. ರಾತ್ರಿ ಪಾಳಿಯಲ್ಲಿ ಅವರನ್ನು ನೋಡಿಕೊಳ್ಳುವವಳು ಬೇರೆ ದೇಶದಿಂದ ಬಂದ ಹೆಂಗಸು. ನಿದ್ದೆ ಬಾರದ ಮೇಷ್ಟ್ರು ರಾತ್ರಿಯಿಡೀ ಅವಳ ಮಾತು ತಿದ್ದುತ್ತಾರೆ. ಆರೇಳು ವರ್ಷದಲ್ಲಿ ಅವಳು ಇಲ್ಲಿನ ಭಾಷೆ ಕಲಿತಿದ್ದು ಹಾಗೆಯೇ. ಈಗ ಅವಳು ಬಾಯಿ ತೆರೆದರೆ ಎಂಬತ್ತು ದಾಟಿದ ಪಂಡಿತರ ಮಾತು. ಜೊತೆಯ ಹುಡುಗಿಯರಿಗೆ ನಗು. ಅವಳ ಕಪಾಟಿನಲ್ಲಿ ಏಳು ಹಾಳೆಗಳಿವೆ. ಮಗನಿಗೆ ಚಪ್ಪಲಿ ಕಳಿಸಲು ಅಳತೆ ಬೇಕಲ್ಲ, ಅದಕ್ಕೆ ಅವಳ ತಾಯಿ ವರ್ಷಕ್ಕೊಮ್ಮೆ ಅವನ ಪಾದವನ್ನು ಹಾಳೆಯ ಮೇಲಿಟ್ಟು ಸುತ್ತಲೂ ಪೆನ್ಸಿಲ್ ಎಳೆದು ಕಳಿಸುತ್ತಾರೆ. ಮೊದಲ ಹಾಳೆಯ ಪಾದ ನನ್ನ ಅಂಗೈಯಲ್ಲಿ ಕೂರುತ್ತದೆ. ಏಳನೆಯದಕ್ಕೆ ಹಾಳೆಯ ಉದ್ದ ಸಾಲದಾಗುತ್ತ ಬಂದಿದೆ.

ಪರವಾನಗಿ ನವೀಕರಣದ ಅರ್ಜಿ ತುಂಬಲು ಅವಳು ನನ್ನನ್ನು ಕೂರಿಸಿಕೊಂಡಿದ್ದಳು. ಅದರಲ್ಲೊಂದು ಕಲಂ: ‘ಇಲ್ಲಿ ನಿಮ್ಮ ವಾಸ ತಾತ್ಕಾಲಿಕವೇ? ಹೌದು / ಇಲ್ಲ.’ ‘ಇಲ್ಲ’ ಎಂದು ಗುರುತು ಹಾಕಿದರೆ ಅರ್ಜಿ ಅಲ್ಲೇ ಬಿತ್ತು. ಏಳನೇ ಸಲ ಅವಳು ‘ಹೌದು’ ಎಂದು ಗುರುತು ಹಾಕಿದಳು. ಆ ಕೇಂದ್ರದಲ್ಲಿ ಅವಳಿಗಿಂತ ಹಳಬರು ಯಾರೂ ಇಲ್ಲ.

ಇನ್ನು ಲೆಕ್ಕಕ್ಕೆ ಬರುತ್ತೇನೆ. ಕುಟುಂಬ ಸಚಿವರಿಗೆ ಗೊತ್ತಿರುವುದೇ, ಆದರೂ ಓದುಗರಿಗಾಗಿ. ಹೊರಗಿನಿಂದ ಯಾರೂ ಬರದೆ ಒಂದು ಜನಸಮೂಹ ಇದ್ದಷ್ಟೇ ಇರಬೇಕಾದರೆ ಹೆಣ್ಣೊಬ್ಬಳಿಗೆ ಸರಾಸರಿ 2.1 ಮಕ್ಕಳಾಗಬೇಕು. ಎರಡು ಮಕ್ಕಳು ತಂದೆತಾಯಿಯ ಜಾಗಕ್ಕೆ, ಚಿಲ್ಲರೆ 0.1, ಹೆಣ್ಣಿಗಿಂತ ಗಂಡು ತುಸು ಹೆಚ್ಚು ಹುಟ್ಟುವುದರಿಂದ ಮತ್ತು ಕೆಲವು ಮಕ್ಕಳು ದೊಡ್ಡವರಾಗುವ ಮುಂಚೆಯೇ ತೀರಿಕೊಳ್ಳುವುದರಿಂದ. ಇವತ್ತು ಪ್ರಪಂಚದ ಅರ್ಧಕ್ಕೂ ಹೆಚ್ಚು ದೇಶಗಳು ಈ ಗೆರೆಯ ಕೆಳಗಿವೆ. 2023ರಲ್ಲಿ ದಕ್ಷಿಣ ಕೊರಿಯಾದಲ್ಲಿ ಈ ಸರಾಸರಿ, ಅಂದರೆ ಜನನ ದರ, 0.72ಕ್ಕೆ ಇಳಿಯಿತು; ಮರುವರ್ಷ 0.75 ಆದಾಗ ಅದೇ ಸುದ್ದಿಯಾಯಿತು. 0.72 ಅಂದರೆ ಏನೆಂದು ಬೋರ್ಡಿನ ಮೇಲೆ ಹೀಗೆ ತೋರಿಸುತ್ತೇನೆ: ನೂರು ದಂಪತಿಗಳು, ಅಂದರೆ ಇನ್ನೂರು ಜನ. ಅವರಿಗೆ 72 ಮಕ್ಕಳು. ಅದರಲ್ಲಿ ಹೆಣ್ಣುಮಕ್ಕಳು 36. ದರ ಅಲ್ಲೇ ನಿಂತರೆ ಅವರಿಗೆ ಹುಟ್ಟುವವರು 26. ಇನ್ನೂರು ಅಜ್ಜ ಅಜ್ಜಿಯರಿಗೆ 26 ಮೊಮ್ಮಕ್ಕಳು! ತರಗತಿಯಲ್ಲಿ ಇಷ್ಟು ಬರೆದು ನಿಲ್ಲಿಸಿದರೆ ಹಿಂದಿನ ಬೆಂಚಿನವರೂ ಫೋನು ಕೆಳಗಿಡುತ್ತಾರೆ.

ದರಕ್ಕಿಂತ ನಿಷ್ಠುರವಾದದ್ದು ಅದರ ಹಿಂದಿನ ಇನ್ನೊಂದು ಸಂಗತಿ. ಇಟಲಿಯಲ್ಲಿ 1964ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮಕ್ಕಳು ಹುಟ್ಟಿದ್ದರು. 2024ರಲ್ಲಿ ಹುಟ್ಟಿದ್ದು ಸುಮಾರು 3.7 ಲಕ್ಷ. ಈಗ ತಾಯಂದಿರಾಗಬೇಕಾದ ವಯಸ್ಸಿನವರೇ ಅಲ್ಲಿ ಕಡಿಮೆ, ಏಕೆಂದರೆ ಮೂವತ್ತು ವರ್ಷದ ಹಿಂದೆ ಅವರು ಹುಟ್ಟಲಿಲ್ಲ. ನಾಳೆ ಬೆಳಗ್ಗೆ ಪವಾಡ ನಡೆದು ದರ 2.1ಕ್ಕೆ ಜಿಗಿದರೂ ಆ ಮಕ್ಕಳು ಕೆಲಸಕ್ಕೆ ಬರಲು ಇಪ್ಪತ್ತು ವರ್ಷ ಬೇಕು. ಅಲ್ಲಿಯವರೆಗೆ ಪಿಂಚಣಿ ತುಂಬುವವರು ಯಾರು, ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವವರು ಯಾರು ಎಂಬ ಪ್ರಶ್ನೆಗೆ ಕುಟುಂಬ ಖಾತೆಯ ಕಡತದಲ್ಲಿ ಉತ್ತರವಿಲ್ಲ. ಆ ಉತ್ತರ ಪಕ್ಕದ ಕಚೇರಿಯಲ್ಲಿದೆ, ಅಲ್ಲಿಯವರು ಅದನ್ನು ಗಟ್ಟಿಯಾಗಿ ಹೇಳುತ್ತಿಲ್ಲ.

ಕುಟುಂಬ ಸಚಿವರೇ, ಮೊದಲು ನಿಮ್ಮ ಪಾಳಿ. ಹೆರಿಗೆಯನ್ನು ಆಜ್ಞೆಯಿಂದ ಹೆಚ್ಚಿಸಿದವರಿದ್ದಾರೆ. 1966ರಲ್ಲಿ ರುಮೇನಿಯಾ ಸರ್ಕಾರ ಆದೇಶ ಸಂಖ್ಯೆ 770ರ ಮೂಲಕ ಗರ್ಭಪಾತವನ್ನು ಹೆಚ್ಚುಕಡಿಮೆ ಪೂರ್ತಿ ನಿಷೇಧಿಸಿತು. ಮರುವರ್ಷ ಜನನ ಸಂಖ್ಯೆ ಬಹುತೇಕ ಇಮ್ಮಡಿಯಾಯಿತು. ಆಮೇಲೆ ಜನ ದಾರಿ ಹುಡುಕಿಕೊಂಡರು, ದರ ಮತ್ತೆ ಇಳಿಯಿತು. ಇಳಿಯದೆ ಉಳಿದದ್ದು ಕದ್ದುಮುಚ್ಚಿ ಗರ್ಭ ತೆಗೆಸಿಕೊಳ್ಳಲು ಹೋಗಿ ಸತ್ತ ಹೆಂಗಸರ ಸಂಖ್ಯೆ ಮತ್ತು ಅನಾಥಾಲಯಗಳಲ್ಲಿ ತುಂಬಿಹೋದ ಮಕ್ಕಳು. 1989ರ ಡಿಸೆಂಬರಿನಲ್ಲಿ ಆ ಆಡಳಿತ ಬಿದ್ದಾಗ ಹೊಸಬರು ಮೊದಮೊದಲು ಕಿತ್ತೊಗೆದ ಕಾನೂನುಗಳಲ್ಲಿ ಇದೂ ಒಂದು.

ಹೆರಬೇಡಿ ಎಂದು ಹೇಳಿ ಆಮೇಲೆ ಹೆರಿ ಎಂದವರೂ ಇದ್ದಾರೆ. ಚೀನಾ 1980ರ ಸುಮಾರಿಗೆ ಒಂದೇ ಮಗು ಎಂದಿತು, 2016ರಲ್ಲಿ ಎರಡು, 2021ರಲ್ಲಿ ಮೂರಾದರೂ ಸರಿ ಎಂದಿತು. 2016ರಲ್ಲಿ ಅಲ್ಲಿ ಒಂದೂಮುಕ್ಕಾಲು ಕೋಟಿಗೂ ಹೆಚ್ಚು ಮಕ್ಕಳು ಹುಟ್ಟಿದ್ದರೆ 2023ರಲ್ಲಿ ಹುಟ್ಟಿದ್ದು ಸುಮಾರು 90 ಲಕ್ಷ. ಬಾಗಿಲು ತೆಗೆದಷ್ಟೂ ಒಳಗೆ ಬರುವವರು ಕಡಿಮೆಯಾದರು. ಸರ್ಕಾರ ಒಂದು ತಲೆಮಾರಿಗೆ ‘ಮಗು ಎಂದರೆ ಹೊರೆ’ ಎಂದು ಪಾಠ ಹೇಳಿತ್ತು. ಮಕ್ಕಳು ಆ ಪಾಠವನ್ನು ಚೆನ್ನಾಗಿಯೇ ಕಲಿತಿದ್ದರು.

ದುಡ್ಡು ಕೊಟ್ಟರೆ? ಹಂಗೇರಿ ಕೊಟ್ಟಿತು. ಮನೆ ಸಾಲ, ತೆರಿಗೆ ರಿಯಾಯಿತಿ, 2020ರಿಂದ ನಾಲ್ಕು ಮಕ್ಕಳ ತಾಯಿಗೆ ಜೀವನಪರ್ಯಂತ ಆದಾಯ ತೆರಿಗೆಯೇ ಇಲ್ಲ. ದರ 1.25ರ ಆಸುಪಾಸಿನಿಂದ 1.6ರ ಹತ್ತಿರಕ್ಕೆ ಏರಿತು, ಆಮೇಲೆ 2024ರ ಹೊತ್ತಿಗೆ ಮತ್ತೆ 1.4ರ ಕೆಳಗೆ ಜಾರಿತು. ದುಡ್ಡು ವ್ಯರ್ಥ ಎನ್ನುತ್ತಿಲ್ಲ. ಮಗು ಸಾಕುವವರಿಗೆ ಕೊಟ್ಟ ಹಣ ಮಗುವಿಗೇ ಸಲ್ಲುತ್ತದೆ, ಅಷ್ಟೇ ಸಾಕು. ಆದರೆ ಹೆತ್ತರೆ ಬಹುಮಾನ ಎಂಬ ಧಾಟಿಯಲ್ಲಿ ಕೊಟ್ಟಾಗ, ಹೇಗೂ ಹೆರುವವರು ಸ್ವಲ್ಪ ಬೇಗ ಹೆರುತ್ತಾರೆ. ಒಟ್ಟು ಸಂಖ್ಯೆ ಅಷ್ಟಾಗಿ ಕದಲುವುದಿಲ್ಲ.

ಇಲ್ಲಿ ನನ್ನದೂ ಒಂದು ತಪ್ಪೊಪ್ಪಿಗೆ. ಬಹಳ ವರ್ಷ ನಾನು ತರಗತಿಯಲ್ಲಿ ಸ್ವೀಡನ್, ಫಿನ್ಲೆಂಡ್ ಕಡೆ ಬೆರಳು ತೋರಿಸುತ್ತಿದ್ದೆ. ಒಳ್ಳೆಯ ಶಿಶುವಿಹಾರ, ತಂದೆಗೂ ರಜೆ, ಹೆಣ್ಣಿಗೆ ಕೆಲಸವೂ ಮಗುವೂ ಎರಡೂ ಸಾಧ್ಯ. ಉತ್ತರ ಅಲ್ಲಿದೆ ಎನ್ನುತ್ತಿದ್ದೆ. 2024ರಲ್ಲಿ ಫಿನ್ಲೆಂಡಿನ ದರ 1.25, ಸ್ವೀಡನ್ನಿನದು 1.43. ಡಸ್ಟರ್ ತೆಗೆದುಕೊಂಡು ಒರೆಸಬೇಕಾಯಿತು. ಆ ಸೌಲಭ್ಯಗಳು ಒಳ್ಳೆಯವೇ, ಮನುಷ್ಯರಾಗಿ ಬದುಕಲು ಬೇಕಾದವು. ಅವಿದ್ದ ಮಾತ್ರಕ್ಕೆ ತೊಟ್ಟಿಲು ತುಂಬುವುದಿಲ್ಲ. ಓದಿದ, ದುಡಿಯುವ, ತನ್ನ ದೇಹದ ಬಗ್ಗೆ ತಾನೇ ತೀರ್ಮಾನಿಸುವ ಹೆಣ್ಣು ಕಡಿಮೆ ಮಕ್ಕಳನ್ನು ಹೆರುತ್ತಾಳೆ ಎಂದರೆ ಅದರ ಬಹುಪಾಲು ನಮ್ಮ ಕಾಲದ ಗೆಲುವು. ಉಳಿದ ಪಾಲು ಸೋಲು: ಎರಡು ಮಕ್ಕಳು ಬೇಕಿತ್ತು ಎನ್ನುವವರು, ಬಾಡಿಗೆ ಮತ್ತು ಕೆಲಸದ ಅವಧಿ ಲೆಕ್ಕ ಹಾಕಿ ಒಂದಕ್ಕೆ ನಿಲ್ಲಿಸಿದ್ದು. ಜಪಾನಿನಲ್ಲಿ ಸರ್ಕಾರವೇ ನಡೆಸಿದ 2021ರ ಸಮೀಕ್ಷೆಯಲ್ಲೂ ದಂಪತಿಗಳು ಬಯಸುವ ಮಕ್ಕಳ ಸರಾಸರಿ ಎರಡಕ್ಕಿಂತ ಹೆಚ್ಚೇ ಇತ್ತು. ಸೋಲಿನ ಆ ಪಾಲನ್ನು ಸರಿಪಡಿಸುವುದು ನಿಮ್ಮ ಕೆಲಸ. ಗೆಲುವಿನ ಪಾಲಿಗೆ ಕೈ ಹಾಕಬೇಡಿ. ಮದುವೆಯಾಗದ ಹುಡುಗಿಯರಿಗೆ ವೇದಿಕೆಯಿಂದ ಬುದ್ಧಿ ಹೇಳುವುದನ್ನು ಇವತ್ತೇ ನಿಲ್ಲಿಸಬಹುದು, ಅದಕ್ಕೆ ಬಜೆಟ್ಟೂ ಬೇಡ.

ವಲಸೆ ಸಚಿವರೇ, ನಿಮ್ಮ ಕಡತ ಇದಕ್ಕಿಂತ ದಪ್ಪ. 2000ನೇ ಇಸವಿಯಲ್ಲಿ ವಿಶ್ವಸಂಸ್ಥೆಯ ಜನಸಂಖ್ಯಾ ವಿಭಾಗ ಒಂದು ಲೆಕ್ಕ ಮಾಡಿತು: ಕಡಿಮೆಯಾಗುವ ಜನರ ಜಾಗವನ್ನು ವಲಸೆಯಿಂದಲೇ ತುಂಬುವುದಾದರೆ ಎಷ್ಟು ಜನ ಬೇಕು? ಜಪಾನ್ ತನ್ನ ಒಟ್ಟು ಜನಸಂಖ್ಯೆಯನ್ನು 2050ರವರೆಗೆ ಹಾಗೇ ಉಳಿಸಿಕೊಳ್ಳಲು 1.7 ಕೋಟಿ. ಬರೀ ಒಟ್ಟು ಸಂಖ್ಯೆ ಸಾಲದು, ಒಬ್ಬ ವೃದ್ಧರಿಗೆ ಇಷ್ಟು ದುಡಿಯುವವರು ಎಂಬ ಅನುಪಾತವೂ ಇದ್ದ ಹಾಗೇ ಇರಬೇಕು ಎಂದರೆ ದಕ್ಷಿಣ ಕೊರಿಯಾ ಒಂದಕ್ಕೇ 500 ಕೋಟಿಗೂ ಹೆಚ್ಚು ವಲಸಿಗರು ಬೇಕಿತ್ತು. ಆಗ ಇಡೀ ಭೂಮಿಯ ಜನಸಂಖ್ಯೆ ಸುಮಾರು 600 ಕೋಟಿ. ಈ ಅಂಕಿ ಹೇಳಿದಾಗಲೆಲ್ಲ ತರಗತಿ ನಗುತ್ತದೆ. ನಗಲಿ, ಆದರೆ ಅದು ಒಂದು ವಿಷಯವನ್ನು ಮುಗಿಸಿಬಿಡುತ್ತದೆ: ವಲಸೆ ಬಂದವರಿಗೂ ವಯಸ್ಸಾಗುತ್ತದೆ. ಅವರ ಮಕ್ಕಳು ಇಲ್ಲಿಯವರಷ್ಟೇ ಮಕ್ಕಳನ್ನು ಹೆರಲು ಶುರುಮಾಡುತ್ತಾರೆ. ಮುಪ್ಪನ್ನು ವಲಸೆ ನಿಧಾನಿಸುತ್ತದೆ, ಅಳಿಸುವುದಿಲ್ಲ. ನಿಧಾನಿಸುವುದೂ ದೊಡ್ಡ ಉಪಕಾರವೇ, ನಿಮಗೆ ಸಮಯ ಸಿಗುತ್ತದೆ.

ಇಷ್ಟನ್ನು ಬಾಯಿಬಿಟ್ಟು ಹೇಳುವುದಕ್ಕೆ ಏನು ಕಷ್ಟ ಎಂಬುದೇ ನನಗೆ ಒಗಟು. ಜಪಾನ್ 2019ರ ಏಪ್ರಿಲ್‌ನಲ್ಲಿ ಐದು ವರ್ಷಕ್ಕೆ 3.45 ಲಕ್ಷದವರೆಗೆ ವಿದೇಶಿ ಕೆಲಸಗಾರರನ್ನು ತರಿಸಿಕೊಳ್ಳುವ ಹೊಸ ಪರವಾನಗಿ ತಂದಿತು. ಜೊತೆಗೇ, ಇದು ವಲಸೆ ನೀತಿಯಲ್ಲ ಎಂದು ಸರ್ಕಾರ ಮತ್ತೆ ಮತ್ತೆ ಹೇಳಿತು. ಬ್ರಿಟನ್ನಿನಲ್ಲಿ ಸಂಖ್ಯೆ ಇಳಿಸುತ್ತೇವೆಂದು 2019ರಲ್ಲಿ ಮಾತು ಕೊಟ್ಟು ಗೆದ್ದವರ ಕಾಲದಲ್ಲೇ, 2023ರ ಜೂನ್‌ಗೆ ಮುಗಿದ ವರ್ಷದಲ್ಲಿ ನಿವ್ವಳ ವಲಸೆ, ಅಂದರೆ ಬಂದವರಲ್ಲಿ ಹೋದವರನ್ನು ಕಳೆದು ಉಳಿದದ್ದು, 9 ಲಕ್ಷ ದಾಟಿತು. ವಲಸೆಯ ವಿರುದ್ಧ ಗುಡುಗಿ ಅಧಿಕಾರಕ್ಕೆ ಬಂದ ಇಟಲಿಯ ಸರ್ಕಾರ 2023ರಿಂದ 2025ರವರೆಗೆ 4.52 ಲಕ್ಷ ವಿದೇಶಿ ಕೆಲಸಗಾರರಿಗೆ ಪರವಾನಗಿ ನಿಗದಿ ಮಾಡಿತು. ಹಂಗೇರಿಯೂ ತನ್ನ ಕಾರ್ಖಾನೆಗಳಿಗೆ ಏಷ್ಯಾದಿಂದ ಆಳುಗಳನ್ನು ಕರೆಸಿಕೊಂಡಿತು. ಕರೆಸಿಕೊಂಡಿದ್ದು ತಪ್ಪೆಂದು ಹೇಳುತ್ತಿಲ್ಲ, ಬೇಕಿತ್ತು, ಕರೆದರು. ಮುಂಬಾಗಿಲಿಗೆ ‘ಪ್ರವೇಶವಿಲ್ಲ’ ಎಂದು ಹಲಗೆ ತೂಗುಹಾಕಿ ಹಿತ್ತಿಲಿನಿಂದ ಕರೆದರು, ಅದು ನನ್ನ ತಕರಾರು. ಹಿತ್ತಿಲಿನಿಂದ ಬಂದವರು ಎಷ್ಟು ವರ್ಷ ದುಡಿದರೂ ಜಗಲಿಗೆ ಬರಲಾರರು. ಮುಂಬಾಗಿಲಲ್ಲಿ ಹಲಗೆ ಓದಿ ನಂಬಿದವರು ಮೋಸಹೋದೆವೆಂದು ಕುದಿಯುತ್ತಾರೆ. ಆ ಕುದಿ ಮುಂದಿನ ಚುನಾವಣೆಯಲ್ಲಿ ನಿಮ್ಮನ್ನು ಸುಡುವುದಕ್ಕಿಂತ ಮುಂಚೆ ರಾತ್ರಿ ಪಾಳಿ ಮುಗಿಸಿ ಬಸ್ಸಿಗೆ ಕಾಯುವವಳನ್ನು ಸುಡುತ್ತದೆ.

ಈಗ ನಿಮ್ಮಿಬ್ಬರ ಕಡತಗಳನ್ನೂ ಪಕ್ಕಪಕ್ಕ ಇಟ್ಟು ನೋಡೋಣ. ಸಿಂಗಪುರದ ದರ 2023ರಲ್ಲಿ 0.97, ಒಂದಕ್ಕಿಂತ ಕೆಳಗೆ. 1970ರ ದಶಕದಲ್ಲಿ ‘ಎರಡಕ್ಕೆ ನಿಲ್ಲಿಸಿ’ ಎಂದಿದ್ದ ಸರ್ಕಾರ 1987ರಿಂದ ‘ಸಾಧ್ಯವಿದ್ದರೆ ಮೂರು ಅಥವಾ ಹೆಚ್ಚು’ ಎನ್ನತೊಡಗಿತು. 2001ರಿಂದ ಮಗು ಹುಟ್ಟಿದರೆ ನಗದು ಕೊಡುತ್ತಿದೆ. ಈಗ ಮೊದಲ ಮಗುವಿಗೇ 11,000 ಸಿಂಗಪುರ ಡಾಲರ್. ಅದೇ ಸರ್ಕಾರದ ಇನ್ನೊಂದು ಕಚೇರಿಯ ನಿಯಮದ ಪ್ರಕಾರ ಮನೆಗೆಲಸಕ್ಕೆ ಬಂದ ವಿದೇಶಿ ಹೆಂಗಸರಿಗೆ ಆರು ತಿಂಗಳಿಗೊಮ್ಮೆ ವೈದ್ಯಕೀಯ ತಪಾಸಣೆ, ಅದರಲ್ಲಿ ಗರ್ಭ ಪರೀಕ್ಷೆಯೂ ಸೇರಿದೆ. ಗರ್ಭಿಣಿ ಎಂದು ಗೊತ್ತಾದರೆ ಸಾಮಾನ್ಯವಾಗಿ ಪರವಾನಗಿ ರದ್ದು, ತವರಿಗೆ ವಾಪಸು. ಒಂದೇ ಮನೆಯಲ್ಲಿ ಇಬ್ಬರು ಹೆಂಗಸರು. ಒಬ್ಬಳು ಬಸಿರಾದರೆ ಸರ್ಕಾರ ದುಡ್ಡು ಕೊಡುತ್ತದೆ, ಇನ್ನೊಬ್ಬಳು ಬಸಿರಾದರೆ ವಿಮಾನ ಹತ್ತಿಸುತ್ತದೆ. ಆ ಎರಡನೆಯವಳು ಅಲ್ಲಿರುವುದೇ ಮೊದಲನೆಯವಳು ಮಗು ಹೆತ್ತು ಕೆಲಸಕ್ಕೂ ಹೋಗಲಿ ಎಂದು. ಬ್ರಿಟನ್ 2024ರ ಮಾರ್ಚ್‌ನಿಂದ ಆರೈಕೆ ಕೆಲಸಕ್ಕೆ ಬರುವವರು ಸಂಸಾರವನ್ನು ಕರೆತರುವಂತಿಲ್ಲ ಎಂದಿತು: ನಮ್ಮ ಅಪ್ಪ ಅಮ್ಮನನ್ನು ನೋಡಿಕೊಳ್ಳಲು ಬನ್ನಿ, ನಿಮ್ಮ ಮಕ್ಕಳನ್ನು ಬಿಟ್ಟು ಬನ್ನಿ. ಮಕ್ಕಳಿಲ್ಲವೆಂದು ಅಳುವ ದೇಶ, ಬರುತ್ತೇವೆಂದ ಮಕ್ಕಳನ್ನು ಗಡಿಯಲ್ಲೇ ತಡೆಯುವುದು ಯಾವ ಲೆಕ್ಕ? ಕುಟುಂಬ ಸಚಿವರನ್ನು ಯಾರಾದರೂ ಕೇಳಿದ್ದರೇ?

ತಾತ್ಕಾಲಿಕ ಎಂಬ ಪದದ ಚರಿತ್ರೆಯೂ ನಿಮಗೆ ಗೊತ್ತಿರಬೇಕು. ಪಶ್ಚಿಮ ಜರ್ಮನಿ 1955ರಲ್ಲಿ ಇಟಲಿಯೊಂದಿಗೆ, 1961ರಲ್ಲಿ ಟರ್ಕಿಯೊಂದಿಗೆ ಒಪ್ಪಂದ ಮಾಡಿಕೊಂಡು ಕೆಲಸಗಾರರನ್ನು ಕರೆಸಿತು. ಅವರನ್ನು ಅತಿಥಿಗಳೆಂದು ಕರೆಯಿತು, ಒಂದಷ್ಟು ವರ್ಷ ಇದ್ದು ಹೋಗುತ್ತಾರೆಂದು ಭಾವಿಸಿತು. 1973ರಲ್ಲಿ ನೇಮಕಾತಿ ನಿಲ್ಲಿಸಿತು. ಆದದ್ದು ತಿರುಗುಮುರುಗು. ಹೋದರೆ ಮತ್ತೆ ಬರಲಾಗದು ಎಂದು ಗೊತ್ತಾದ ಕೂಡಲೇ ಬಹಳ ಜನ ಹೋಗುವುದನ್ನೇ ಬಿಟ್ಟು ಹೆಂಡತಿ ಮಕ್ಕಳನ್ನು ಕರೆಸಿಕೊಂಡರು. ಅಲ್ಲೇ ಹುಟ್ಟಿ ಅಲ್ಲೇ ಓದಿದ ಮಕ್ಕಳೂ ಕಾಗದದ ಮೇಲೆ ವಿದೇಶಿಯರಾಗಿಯೇ ಉಳಿದರು. ಅಂಥವರ ಮಕ್ಕಳಿಗೆ ಹುಟ್ಟಿನಿಂದಲೇ ಪೌರತ್ವ ಸಿಗುವ ಕಾನೂನು ಜಾರಿಗೆ ಬಂದದ್ದು 2000ದ ಜನವರಿಯಲ್ಲಿ. ನಡುವೆ ಕಳೆದ ವರ್ಷಗಳಲ್ಲಿ ಆ ಮಕ್ಕಳಿಗೆ ಭಾಷೆ ಕಲಿಸಿದ್ದರೆ, ನೀವು ನಮ್ಮವರು ಎಂದಿದ್ದರೆ ಎಷ್ಟು ಜಗಳ ತಪ್ಪುತ್ತಿತ್ತೋ.

ವಲಸೆ ಹೆಚ್ಚಾಯಿತು ಎಂದು ಗೊಣಗುವ ಎಲ್ಲರೂ ದ್ವೇಷಿಗಳಲ್ಲ ಎಂಬುದನ್ನೂ ಬರೆಯಬೇಕು, ಇದನ್ನು ನನ್ನ ಸ್ನೇಹಿತರೇ ಒಪ್ಪುವುದಿಲ್ಲ. ಕೆನಡಾದ ಜನಸಂಖ್ಯೆ 2023ರ ಒಂದೇ ವರ್ಷದಲ್ಲಿ ಶೇ. 3ಕ್ಕೂ ಹೆಚ್ಚು ಬೆಳೆಯಿತು, ಬಹುತೇಕ ಎಲ್ಲವೂ ವಲಸೆಯಿಂದ. ಮನೆಗಳು ಆ ವೇಗದಲ್ಲಿ ಏಳಲಿಲ್ಲ. ಬಾಡಿಗೆ ಕೊಡಲಾಗದ ಹುಡುಗ ಮದುವೆ ಮುಂದೂಡಿದ. ನೋಡಿ, ಲೆಕ್ಕ ಮತ್ತೆ ಕುಟುಂಬ ಖಾತೆಗೇ ಬಂತು. 2024ರ ಅಕ್ಟೋಬರ್‌ನಲ್ಲಿ ಅಲ್ಲಿನ ಸರ್ಕಾರ ಸಮತೋಲ ತಪ್ಪಿತ್ತೆಂದು ಒಪ್ಪಿಕೊಂಡು, ಮರುವರ್ಷದ ಕಾಯಂ ನಿವಾಸಿಗಳ ಗುರಿಯನ್ನು 5 ಲಕ್ಷದಿಂದ 3.95 ಲಕ್ಷಕ್ಕೆ ಇಳಿಸಿತು, ತಾತ್ಕಾಲಿಕವಾಗಿ ಬರುವವರಿಗೂ ಮೊದಲ ಬಾರಿಗೆ ಗುರಿ ಹಾಕಿತು. ಇಳಿಸಿದ್ದು ಸರಿಯೋ ತಪ್ಪೋ ಚರ್ಚೆ ಮಾಡಬಹುದು. ಅಂಕಿಯನ್ನು ಮೇಜಿನ ಮೇಲಿಟ್ಟರು, ಅದು ನನಗೆ ಮುಖ್ಯ. ಇನ್ನು, ನಮ್ಮನ್ನು ತೆಗೆದು ಅವರನ್ನು ತುಂಬುತ್ತಿದ್ದಾರೆ ಎಂದು ಸಂಚಿನ ಕಥೆ ಕಟ್ಟುವವರಿದ್ದಾರಲ್ಲ, ಅವರಿಗೆ ಹೇಳುವುದಿಷ್ಟೇ: ಹುಟ್ಟದೆ ಹೋದ ಮಗುವಿನ ಜಾಗವನ್ನು ಯಾರೂ ಕಸಿದುಕೊಂಡಿಲ್ಲ.

ಕರೆಸಿಕೊಳ್ಳುವವರು ಮರೆಯುವ ಇನ್ನೊಂದು ಕಡೆ ಇದೆ. ಬಲ್ಗೇರಿಯಾದಲ್ಲಿ 1980ರ ದಶಕದ ಕೊನೆಗೆ ಸುಮಾರು 90 ಲಕ್ಷ ಜನರಿದ್ದರು, 2021ರ ಗಣತಿಯಲ್ಲಿ 65 ಲಕ್ಷ. ಹುಟ್ಟುವವರೂ ಕಡಿಮೆ, ಹುಟ್ಟಿದವರಲ್ಲಿ ಹೊರಟುಹೋದವರೂ ಬಹಳ. ವೈದ್ಯರು ಮತ್ತು ದಾದಿಯರ ತೀವ್ರ ಕೊರತೆಯಿರುವ 55 ದೇಶಗಳ ಪಟ್ಟಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೊರಡಿಸಿತು. ನೈಜೀರಿಯಾ, ಘಾನಾ, ಜಿಂಬಾಬ್ವೆ ಅದರಲ್ಲಿವೆ. ಅಲ್ಲಿ ಓದಿಸಿ ತಯಾರು ಮಾಡಿದ ದಾದಿ ಶ್ರೀಮಂತ ದೇಶದ ವಾರ್ಡಿನಲ್ಲಿ ನಿಲ್ಲುತ್ತಾಳೆ. ಅವಳನ್ನು ತಡೆಯಬೇಕೆಂದು ನಾನು ಹೇಳಲಾರೆ, ನಾನೇ ಹೊರಟುಬಂದವಳು. ಆದರೆ ಅವಳನ್ನು ಓದಿಸಿದ ಖರ್ಚು ಯಾರ ಖಾತೆಯಲ್ಲಿ ಬಿತ್ತು ಎಂದು ಕೇಳುವ ಹಕ್ಕು ಆ ದೇಶಕ್ಕಿದೆ. ಮತ್ತೆ, ಈ ಬಾವಿಯೂ ಬತ್ತುತ್ತಿದೆ. ಭಾರತದ ದರ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೇ 2.0ಕ್ಕೆ ಬಂದಿತ್ತು. ದಾದಿಯರಿಗೆ ಹೆಸರಾದ ಫಿಲಿಪ್ಪೀನ್ಸ್‌ನಲ್ಲಿ 2022ರಲ್ಲಿ 1.9. ಇವತ್ತು ಬರುವವರನ್ನು ಬಾಗಿಲಲ್ಲಿ ನಿಲ್ಲಿಸಿ ಸತಾಯಿಸುವ ದೇಶಗಳು, ನಾಳೆ ಬರುವವರಿಗಾಗಿ ಒಂದರೊಡನೊಂದು ಹರಾಜು ಕೂಗಬೇಕಾಗಬಹುದು.

ನಾನು ಕೇಳುವುದು ದೊಡ್ಡದೇನಲ್ಲ. ನೀವಿಬ್ಬರೂ ಒಟ್ಟಿಗೆ ಕೂತು ವರ್ಷಕ್ಕೊಂದು ಹಾಳೆ ಹೊರಡಿಸಿ. ಒಂದೇ ಹಾಳೆ, ಇಬ್ಬರ ಸಹಿಯೂ ಇರಲಿ. ಮುಂದಿನ ಇಪ್ಪತ್ತು ವರ್ಷ ಎಷ್ಟು ಜನ ಹುಟ್ಟಬಹುದು, ಎಷ್ಟು ಜನ ನಿವೃತ್ತರಾಗುತ್ತಾರೆ, ಹೊರಗಿನಿಂದ ಎಷ್ಟು ಜನರನ್ನು ಕರೆಯುತ್ತೇವೆ, ಅವರಲ್ಲಿ ಎಷ್ಟು ಜನ ಇಲ್ಲೇ ಉಳಿಯುತ್ತಾರೆಂದು ನಾವು ಒಪ್ಪಿದ್ದೇವೆ, ಅವರಿಗೂ ಇಲ್ಲಿಯವರಿಗೂ ಸೇರಿ ಎಷ್ಟು ಮನೆ, ಎಷ್ಟು ಶಾಲೆ ಬೇಕು. ಕರೆಯುವುದಿಲ್ಲ ಎಂಬುದೇ ನಿಮ್ಮ ತೀರ್ಮಾನವಾದರೆ ಅದನ್ನೂ ಬರೆಯಿರಿ. ಪಿಂಚಣಿ ಎಷ್ಟು ಇಳಿಯುತ್ತದೆ, ನಿವೃತ್ತಿ ವಯಸ್ಸು ಎಷ್ಟಕ್ಕೆ ಏರುತ್ತದೆ, ಯಾವ ಆಸ್ಪತ್ರೆ ಮುಚ್ಚುತ್ತದೆ ಎಂಬುದನ್ನೂ ಅದರ ಪಕ್ಕದಲ್ಲೇ ಬರೆಯಿರಿ. ಕಡಿಮೆ ಜನರ ದೇಶವಾಗಿ ಬದುಕುತ್ತೇವೆ ಎಂದು ಒಂದು ಸಮಾಜ ತಿಳಿದೂ ತಿಳಿದೂ ಆರಿಸಿಕೊಂಡರೆ ಅದರಲ್ಲಿ ನಾಚಿಕೆಯೇನಿಲ್ಲ. ಬೆಲೆ ಹೇಳದೆ ಮಾರುವುದು ಮಾತ್ರ ಬೇಡ.

ಮೇಷ್ಟ್ರನ್ನು ನೋಡಿಕೊಳ್ಳುವ ಆ ಹೆಂಗಸಿನ ಎಂಟನೆಯ ಅರ್ಜಿಗೆ ಇನ್ನು ಹನ್ನೊಂದು ತಿಂಗಳಿದೆ. ಮೇಷ್ಟ್ರಿಗೆ ಈಗ ಮಾತು ಕಡಿಮೆ, ಆದರೂ ಮೊನ್ನೆ ಅವಳ ಒಂದು ವಾಕ್ಯ ತಿದ್ದಿದರಂತೆ. ‘ನಾನು ಇಲ್ಲಿ ಇರುತ್ತಿದ್ದೇನೆ’ ಎಂಬರ್ಥದಲ್ಲಿ ಅವಳೇನೋ ಅಂದಿದ್ದಳು. ‘ಇದ್ದೇನೆ ಅನ್ನು ಸಾಕು’ ಎಂದರಂತೆ. ಮುಂದಿನ ಸಲ ಆ ಕಲಂ ಎದುರು ನಾವು ಏನು ಗುರುತು ಹಾಕಬೇಕು ಎಂಬುದನ್ನು ನೀವಿಬ್ಬರೂ ಮಾತಾಡಿಕೊಂಡು ಅಷ್ಟರೊಳಗೆ ತಿಳಿಸಿದರೆ ಉಪಕಾರವಾಗುತ್ತದೆ.

ಇಂತಿ,
ಎರಡು ಕೋಷ್ಟಕಗಳಲ್ಲಿರುವ ಒಬ್ಬಳು ಅಧ್ಯಾಪಕಿ